ಲಿಫ್ಟಿನಲ್ಲಿ ಹೋದ ಹುಡುಗಿ ಏನಾದಳು?

ಭಾನುವಾರ ಬೆಳಿಗ್ಗೆ. ಡಿಕಾಕ್ಷನ್ ಇಳಿಯಿತು, ಹಾಲು ಕಾಯಿತು, ಬಾಲ್ಕನಿಯ ತುಳಸಿಗೆ ನೀರಾಯಿತು. ಅತ್ತೆ ಎಂದಿನಂತೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದವರು ಕೇಳಿದರು: "ಆ ಹುಡುಗಿ ಏನಾದಳಮ್ಮ?"

ಯಾವ ಹುಡುಗಿ ಅಂತೀರಾ? ನಮ್ಮ ಬಳಗದವಳಲ್ಲ. ಮಗಳು ನಿಧಿಯ ಇಂಗ್ಲಿಷ್ ಕಾದಂಬರಿಯ ನಾಯಕಿ. ಹಳೇ ಕಟ್ಟಡವೊಂದರ ಲಿಫ್ಟ್ ಹತ್ತಿ ನೂರು ವರ್ಷ ಹಿಂದಕ್ಕೆ ಹೋಗುತ್ತಾಳೆ, ಅಲ್ಲಿ ಬೇಕರಿ ಹುಡುಗನನ್ನು ಪ್ರೀತಿಸುತ್ತಾಳೆ. ಮೊದಲ ಭಾಗವನ್ನು ಮಗಳು ಓದಿದ ಮೇಲೆ ನಾನೂ ಓದಿ, ದಿನಾ ತರಕಾರಿ ಹೆಚ್ಚುವ ಹೊತ್ತಿಗೆ ಅತ್ತೆಗೆ ಕನ್ನಡದಲ್ಲಿ ಹೇಳಿದ್ದೆ. (ಪುಸ್ತಕದಲ್ಲಿ ಮುತ್ತು ಬಂದಲ್ಲೆಲ್ಲ ನನ್ನ ಕತೆಯಲ್ಲಿ ಅವರಿಬ್ಬರೂ ಬರೀ ಕೈ ಹಿಡಿದುಕೊಂಡರು. ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಓದಿದವಳು ನಾನು, ಇನ್ನೇನು ಹೇಳಲಿ?) ಅತ್ತೆಗೆ ಕತೆ ಹಿಡಿಸಿಬಿಟ್ಟಿತು. ಅವರ ಚಿಂತೆ ಒಂದೇ: ಹುಡುಗಿ ಮನೆಯಲ್ಲಿ ಹೇಳಿ ಹೋಗಿದ್ದಾಳಾ?

ಮೊದಲ ಭಾಗ ಮುಗಿದದ್ದು ಅವರಿಬ್ಬರ ನಡುವೆ ಲಿಫ್ಟಿನ ಬಾಗಿಲು ಮುಚ್ಚುವಲ್ಲಿ. ಎರಡನೆಯದು ಈ ವಾರ ಬಂತು. ನಿಧಿ ಆಗಲೇ ಮುಗಿಸಿದ್ದಾಳೆ. ನಾನಿನ್ನೂ ತೆರೆದಿಲ್ಲ, ಇಟ್ಟಿಗೆಯಂಥ ಪುಸ್ತಕ. ಅತ್ತೆಯೋ ಸೋಮವಾರವೇ ಮೈಸೂರಿಗೆ ಹೊರಟವರು. ಫೋನಿನಲ್ಲಿ ಹೇಳೋಣವೆಂದರೆ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ.

ನೀನೇ ಅಜ್ಜಿಗೆ ಹೇಳು ಅಂದೆ ಮಗಳಿಗೆ. ಇಲ್ಲೇ, ಬಂಗಾಳದ ಜಾದವ್‌ಪುರದಲ್ಲೇ ಬೆಳೆದವಳು; ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದಿಲ್ಲ. ಹೋದ ರಜೆಯಲ್ಲಿ ಮೈಸೂರಿನ ಕಸಿನ್ಸ್ ಅವಳ ಕನ್ನಡ ಕೇಳಿ ನಕ್ಕರಂತೆ. ಅಂದಿನಿಂದ ಅಜ್ಜಿ-ಮೊಮ್ಮಗಳ ನಡುವೆ ನಾನೇ ಇಂಟರ್‌ಪ್ರಿಟರ್. ಅವರು ಕನ್ನಡದಲ್ಲಿ ಕೇಳುವುದು, ಇವಳು ಇಂಗ್ಲಿಷಿನಲ್ಲಿ ನನಗೆ ಹೇಳುವುದು. ಅಜ್ಜಿಯ ಮುದ್ದನ್ನು ಇಂಟರ್‌ಪ್ರಿಟ್ ಮಾಡಲು ಬರುತ್ತದೆಯೇ?

"ಯೂ ಟೆಲ್ ಹರ್, ಅಮ್ಮಾ. ಐ ಸೌಂಡ್ ಸ್ಟುಪಿಡ್" ಅಂದಳು.

ನಾನು ವಾದಕ್ಕೆ ಇಳಿಯಲಿಲ್ಲ. ಮಧ್ಯಾಹ್ನ, ಅತ್ತೆಯ ಪ್ರಯಾಣಕ್ಕೆ ಇಲ್ಲಿಯ ಸಿಹಿ ಸಂದೇಶ್ ತರುತ್ತೇನೆಂದು ಹೊರಟೆ. (ಸಿಹಿ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇದೆ. ನಾನು ದೂರದ ಅಂಗಡಿಗೆ ಹೋದೆ.)

ವಾಪಸ್ ಬಂದರೆ ಬಾಗಿಲಿನಾಚೆ ಮಾತು. ಬೆಲ್ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು.

"ಬಾಗಿಲು ಕ್ಲೋಸ್ ಆಗೋ ಮುಂಚೆ ಅವನು ಒಳಗೆ ಬಂದ್ಬಿಟ್ಟ ಅಜ್ಜಿ. ಅವಳ ಜೊತೆ, ನಮ್ಮ ಕಾಲಕ್ಕೆ."

ಇಲ್ಲಿ ಬಂದು ಕೆಲಸಕ್ಕೆ ಏನು ಮಾಡುತ್ತಾನೆ ಎಂದು ಅತ್ತೆ. ಬೇಕರಿಯನ್ನೇ ಇಡುತ್ತಾನಂತೆ.

"ಸರಿ, ಅವನ ತಾಯಿ? ಅವಳನ್ನ ಅಲ್ಲೇ ಬಿಟ್ಟು ಬಂದನಾ?"

ಪುಟ ಮಗುಚಿದ ಸದ್ದು. "ಅದು ಬುಕ್ಕಲ್ಲಿ ಇಲ್ಲ ಅಜ್ಜಿ."

ಆಮೇಲೆ ಇಬ್ಬರೂ ಸೇರಿ ಆ ತಾಯಿಗೊಂದು ವ್ಯವಸ್ಥೆ ಮಾಡಲು ಕೂತರು. ಪದ ಸಿಗದ ಕಡೆ ಮಗಳು ಹಿಂದಿ ಹಾಕಿದಳು, ಬಂಗಾಳಿ ಹಾಕಿದಳು. ಅತ್ತೆ ತಿದ್ದಲೂ ಇಲ್ಲ, ನಗಲೂ ಇಲ್ಲ. ಅವರಿಗೆ ಬೇಕಿದ್ದದ್ದು ಕತೆ. ನಡುವೆ ಮುತ್ತಿನ ಸಂಗತಿಯೂ ಹೊರಬಿತ್ತು. "ಗೊತ್ತಿತ್ತು ಬಿಡು. ನಿಮ್ಮಮ್ಮ ಅಲ್ಲಲ್ಲಿ ತಡವರಿಸ್ತಿದ್ದಳು" ಅಂದರು ಅತ್ತೆ. ನಾನು ಸಂದೇಶ್ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತೆ.

ಸಂಜೆ ಟೆರೇಸಿನಲ್ಲಿ ಎದುರು ಫ್ಲ್ಯಾಟಿನ ಬೌದಿ ಸಿಕ್ಕರು. (ಇಲ್ಲಿ ಅತ್ತಿಗೆಯ ವಯಸ್ಸಿನವರೆಲ್ಲ ಬೌದಿಯೇ.) ಒಣಗಿದ ಬಟ್ಟೆ ಮಡಚುತ್ತ, ನನ್ನ ಕಡೆ ನೋಡದೆಯೇ ಕೇಳಿದರು:

"ನಿಮ್ಮೂರಿಂದ ಯಾರೋ ಹುಡುಗಿ ಬಂದಿದಾಳಲ್ಲ, ಮಧ್ಯಾಹ್ನವೆಲ್ಲ ಅಜ್ಜಿ ಜೊತೆ ನಿಮ್ಮ ಭಾಷೇಲೇ ಹರಟ್ತಿದ್ದಳು, ಎಷ್ಟು ದಿನ ಇರ್ತಾಳೆ?"