ಕುಕ್ಕರ್ ಕೂಗಿಗೆ ಒಗ್ಗುವುದು

ನಲವತ್ತು ವರ್ಷ ಡಾಕ್ಟರಿಕೆ ಮಾಡಿದ ನಾನು ಕುಕ್ಕರಿಗೆ ಹೆದರಿ ಅಡುಗೆಮನೆಯಿಂದ ಓಡಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಶಾರದೆ ನಕ್ಕು ಮುಗಿಸಿ ಆಗಿದೆ.

ತಪ್ಪು ಕುಕ್ಕರಿನದಲ್ಲ, ನನ್ನ ಕಿವಿಗೆ ಹೊಸದಾಗಿ ಬಂದ ಹಿಯರಿಂಗ್ ಏಡಿನದು. ಅದನ್ನು ಹಾಕಿಕೊಂಡ ದಿನ ಪರದೇಶದ ಬ್ಯಾಲಂಟೈನ್ ಬಡಾವಣೆಯ ನಮ್ಮ ಶಾಂತ ಮನೆ ಮೈಸೂರಿನ ದೇವರಾಜ ಮಾರುಕಟ್ಟೆಯಾಯಿತು. ಫ್ರಿಜ್ಜು ಗೊಣಗಿತು, ಪೇಪರು ಚರಚರ ಎಂದಿತು, ನನ್ನ ಚಪ್ಪಲಿಯೇ ನನ್ನನ್ನು ಹಿಂಬಾಲಿಸಿತು. ರೋಗಿಗಳಿಗೆಲ್ಲ ‘ಸ್ವಲ್ಪ ದಿನ, ಒಗ್ಗಿಹೋಗುತ್ತೆ’ ಎಂದು ಸಲೀಸಾಗಿ ಹೇಳಿ ಕಳಿಸುತ್ತಿದ್ದವನು ಎರಡನೆಯ ದಿನವೇ ಯಂತ್ರವನ್ನು ಡ್ರಾಯರಿಗೆ ಸೇರಿಸಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಡಾಕ್ಟರರು ಡಾಕ್ಟರರ ಮಾತು ಕೇಳದಿರುವುದೂ ಅಂಥದ್ದೇ.

ಅದೇ ವಾರ ಟಕರ್ ಬಂದ. ಅನಾಥ ನಾಯಿಗಳನ್ನು ಸಾಕುವ ಶೆಲ್ಟರಿನ ಕಂದು ನಾಯಿ. ಲಾಕ್‌ಡೌನಿನಲ್ಲಿ ಮುದ್ದಿನಿಂದ ಕರೆದೊಯ್ದವರು ಆಫೀಸು ತೆರೆದ ಮೇಲೆ ವಾಪಸ್ ತಂದು ಬಿಟ್ಟಿದ್ದರು. ಎರಡನೆಯ ಮನೆಯವರೂ ಹಾಗೆಯೇ ಮಾಡಿದರು. ನಮಗೆ ಕೊಡುವಾಗ ಶೆಲ್ಟರಿನ ಹುಡುಗಿ, ಒಂದು ತಿಂಗಳು ನೋಡಿ, ಒಗ್ಗದಿದ್ದರೆ ಹಿಂದಕ್ಕೆ ತನ್ನಿ ಎಂದಿದ್ದಳು. ಟಕರನಿಗೆ ಎಲ್ಲವೂ ಒಗ್ಗಿತು, ಮೊಸರನ್ನ ಕೂಡ. ಕುಕ್ಕರ್ ಮಾತ್ರ ಒಗ್ಗಲಿಲ್ಲ. ಮೊದಲ ಕೂಗಿಗೇ ಸೋಫಾದ ಹಿಂದೆ ನುಗ್ಗಿ ಸಂಜೆಯವರೆಗೆ ನಡುಗುತ್ತಿದ್ದ.

“ಕುಕ್ಕರ್ ಇಲ್ದೆ ಬೇಳೆ ಹೇಗ್ರೀ ಬೇಯ್ಸೋದು? ಪಾಪ, ಅದರ ಸಂಕಟ ನೋಡಕ್ಕಾಗಲ್ಲ. ರಿಟರ್ನ್ ಮಾಡ್ಬಿಡೋಣ,” ಎಂದಳು ಶಾರದೆ. ಹೇಳುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಮೂರನೆಯ ಸಲ ಹಿಂದಿರುಗಿದ ನಾಯಿಯನ್ನು ಇನ್ಯಾರು ಕರೆದೊಯ್ಯುತ್ತಾರೆ? ನನಗೆ ತಡೆಯಲಾಗಲಿಲ್ಲ. ಕಲಿಸಿಯೇ ತೀರುತ್ತೇನೆ ಎಂದೆ.

ಕಿವಿಯ ವಿಚಾರ ವಿಚಿತ್ರ. ಯಾವುದನ್ನು ಕೇಳಬಾರದು ಎಂದು ಕಲಿಯುವುದರಲ್ಲೇ ಮಿದುಳಿಗೆ ಅರ್ಧ ಕೆಲಸ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಶಾರದೆ ರೈಲು ತಡವಾದರೆ ಮಾತ್ರ ಎಚ್ಚರಗೊಳ್ಳುತ್ತಿದ್ದಳಂತೆ. ಟಕರನಿಗೂ ಸಣ್ಣ ಸದ್ದಿನಿಂದ ಶುರುಮಾಡಬೇಕಿತ್ತು. ಕೂಗುವ ಮುನ್ನ ಕುಕ್ಕರ್ ಸುಯ್ ಎನ್ನುತ್ತದಲ್ಲ, ಆ ಸದ್ದಾದ ಕೂಡಲೇ ಬಾಯಿಗೊಂದು ಚೀಸ್ ತುಂಡು. ತೊಡಕೆಂದರೆ, ಆ ಸುಯ್ ನನಗೆ ಕೇಳಿಸಿ ಎಷ್ಟೋ ವರ್ಷವಾಗಿತ್ತು. ವಿಧಿಯಿಲ್ಲದೆ ಡ್ರಾಯರ್ ತೆರೆದೆ.

ಹಾಡುತ್ತ ಹಾಡುತ್ತ ರಾಗ ಎಂದು ದಿನವೂ ಸೋಫಾದ ಹಿಂದೆ ನಾನೂ ಟಕರನೂ ಕೂತೆವು. ಸುಯ್ ಎಂದರೆ ಚೀಸ್. ಕೂಗಿದರೆ ಇಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮಂಡಿ ನೋವು ಬೇರೆ. “ರೀ, ಯಾರಿಗ್ರೀ ಟ್ರೈನಿಂಗು?” ಎಂದು ಶಾರದೆ ಕೇಳುತ್ತಿದ್ದಳು. ಹತ್ತು ದಿನಕ್ಕೆ ಟಕರ್ ನಡುಗುವುದನ್ನು ಬಿಟ್ಟ. ಆಮೇಲೆ ಸೋಫಾದ ಈಚೆ ಬಂದ.

ತಿಂಗಳು ತುಂಬಿದ ದಿನ ಶೆಲ್ಟರಿನ ಹುಡುಗಿ ಫೋನ್ ಮಾಡಿದಳು. ಏನು ತೀರ್ಮಾನಿಸಿದಿರಿ, ನಾಯಿ ಒಗ್ಗಿತೇ ಎಂದಳು. ಸರಿಯಾಗಿ ಆಗಲೇ ಕುಕ್ಕರ್ ಕೂಗಬೇಕೆ! ನಾನು ಹೌಹಾರಿ ಕಾಫಿಯನ್ನು ತೊಡೆಯ ಮೇಲೆ ಚೆಲ್ಲಿಕೊಂಡೆ. ಟಕರ್ ನಿಧಾನವಾಗಿ ಎದ್ದು ಬಂದು, ನನ್ನ ಮಂಡಿಯ ಮೇಲೆ ಗದ್ದ ಊರಿ, ಎಲ್ಲಿ ಚೀಸ್ ಎಂಬಂತೆ ನೋಡಿದ. ಶಾರದೆ ಸೌಟು ಹಿಡಿದು ಬಾಗಿಲಲ್ಲೇ ನಿಂತಳು.

ನಾಯಿ ಒಗ್ಗಿದೆಯಮ್ಮ, ನಾನು ಇನ್ನೂ ಇಲ್ಲ. ನನ್ನನ್ನು ಪಳಗಿಸಲು ಅವನು ಇಲ್ಲೇ ಇರಬೇಕು ಎಂದೆ.