ಬಾಡಿದ ಸಾಲಿನಲ್ಲಿ ಹನುಮಪ್ಪ ಉಳಿಸಿಕೊಟ್ಟ ಗಿಡಗಳು

ಕಚಕ್, ಕಚಕ್. ಈಳಿಗೆಯ ಮೇಲೆ ಬಟಾಟೆ ಹೋಳಾಗುವ ಆ ಸದ್ದು ಈ ವಯಸ್ಸಿನಲ್ಲೂ ನನ್ನ ಕಿವಿಯಲ್ಲಿದೆ. ಮಹಾಯುದ್ಧದ ವರ್ಷಗಳು. ಹಾನಗಲ್ ಸೀಮೆಯ ನಮ್ಮ ಊರಿನಲ್ಲಿ ಬಿತ್ತನೆಯ ಬಟಾಟೆಯನ್ನು ಹನುಮಪ್ಪನ ಗುಡಿಯ ಈಳಿಗೆಯಿಂದಲೇ ಹೆಚ್ಚಬೇಕಿತ್ತು. ಯಾರ ಕೈಯ ಹೊಲವೋ ಆ ಹೆಂಗಸೇ ಕೂರಬೇಕು. ಒಬ್ಬಳು ಎದ್ದರೆ ಅದೇ ಈಳಿಗೆಗೆ ಇನ್ನೊಬ್ಬಳು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಬಂದ ಕಿರಿಯ ಸೊಸೆ. ಯಜಮಾನರು ಫೌಜಿನಲ್ಲಿದ್ದರು. ಅತ್ತೆ ಬಾವಿಯ ಹೊಲವನ್ನು ನನ್ನ ಕೈಗೆ ಕೊಟ್ಟು, "ಈ ಸಲ ಬಟಾಟಿ ತಗದು ತೋರಸು. ಆಗಲಿಲ್ಲಂದ್ರ ಹೊಲಾ ಗಂಗವ್ವಗ ಬಿಟ್ಟು ಒಳಗ ಕುಂದ್ರು" ಎಂದಿದ್ದರು. ಗಂಗವ್ವ ಹಿರಿಯ ಸೊಸೆ, ನನ್ನ ನೆಗೆಣ್ಣಿ. ಬದುವಿನಾಚೆಯ ಹೊಲ ಆಕೆಯದು.

ಹೂ ಬಿಡುವ ಹೊತ್ತಿಗೆ ನನ್ನ ಗಿಡಗಳು ಹಸಿರಾಗಿದ್ದಂತೆಯೇ ಜೋಲುಬಿದ್ದವು. ನೀರು ಹಾಯಿಸಿದೆ, ಬಾಡುವುದು ನೀರಿನೊಡನೆ ಮುಂದಿನ ಸಾಲಿಗೂ ಹೋಯಿತು. ಗಂಗವ್ವನ ಹೊಲ ಮಾತ್ರ ಹಸಿರು ಮಖಮಲ್ಲು. ಬಿತ್ತುವ ಪೂಜೆಗೂ ಬಾರದವಳು ಆಕೆ! ಆ ಜೆಲಸಿಯಲ್ಲಿ ನಾನು ದಿನವೂ ಬದುವಿಗೆ ಹೋಗಿ ಆಕೆಯ ಸಾಲುಗಳನ್ನೇ ಎಣಿಸುತ್ತಿದ್ದೆ.

"ಇಂಗ್ಲೀಷಿನ್ಯಾಗ ಮಾತಾಡ್ಸಿ ನೋಡವಾ, ಎದ್ದು ಕುಂತಾವು" ಎಂದು ಗಂಗವ್ವ ಬದುವಿನ ಮೇಲೆ ನಿಂತು ನಕ್ಕಳು.

ಅಂದು ಗುಡಿಯಲ್ಲಿ ಕಾನ್ವೆಂಟಿನ ಅಭ್ಯಾಸದಂತೆ ಮಂಡಿಯೂರಿ ಪ್ರೇಯರ್ ಮಾಡಿದೆ. "ಆಕೀಗಿ ಕೊಟ್ಟಿದ್ದು ನನಗ್ಯಾಕ ಕೊಡವಲ್ಲಿ, ಹನುಮಪ್ಪಾ? ಹೊಲಾ ನನ್ನ ಕೈಯಾಗ ಉಳಸು."

ಮರುದಿನವೇ ಇದ್ದಿಲಿನಿಂದ ಓಡುವ ಶಿಗ್ಗಾಂವಿ ಬಸ್ಸು ನಮ್ಮ ಊರ ಮುಂದೆ ಕೆಟ್ಟು ನಿಂತಿತು. ಅದರಿಂದಿಳಿದ ಶೇತ್ಕಿ ಖಾತೆಯ, ಅಂದರೆ ಬೇಸಾಯ ಇಲಾಖೆಯ, ಆಫೀಸರು ಕುಡಿಯಲು ನೀರು ಕೇಳಿಕೊಂಡು ಬಾವಿಗೆ ಬಂದರು. ಬಾಡಿದ ಸಾಲು ಕಂಡದ್ದೇ, ಒಂದು ಕಾಂಡ ಕೊಯ್ದು ನಾನು ಕೊಟ್ಟ ಗ್ಲಾಸಿನ ನೀರಿನಲ್ಲಿ ಇಳಿಬಿಟ್ಟರು. ಕಾಂಡದಿಂದ ಹಾಲಿನಂತಹ ಎಳೆ ನಿಧಾನವಾಗಿ ಇಳಿಯಿತು.

"ಇದು ಬ್ಯಾಕ್ಟೀರಿಯಾದ ರೋಗರಿ. ಆಚಿ ಹೊಲದವ್ರು ಬ್ಯಾರೆ ಏನ್ ಮಾಡ್ಯಾರ?"

ಗಂಗವ್ವನೇ ಕೂಗಿದಳು: "ನಾ ಹೊರಗಾಗಿದ್ದೆನ್ರಿ! ದೇವರ ಈಳಿಗಿ ಹ್ಯಾಂಗ ಮುಟ್ಲಿ? ಸಣ್ಣ ಗಡ್ಡಿ ಇಡೀಗೆ ಊರಿಬಿಟ್ಟೆ."

"ಹಂಗಾರ ಈಳಿಗಿನ ರೋಗಾ ಹಂಚೇತಿ. ಒಂದು ಕೆಟ್ಟ ಗಡ್ಡಿ ಕೊಯ್ದ್ರ ಸಾಕು."

ಬಾವಿಕಟ್ಟೆಯ ಮೇಲಿದ್ದ ಅತ್ತೆ ಕೆರಳಿದರು. "ದೇವರ ಈಳಿಗಿಗೆ ರೋಗ ಅಂತೀರೇನ್ರಿ?"

"ದೇವ್ರಿಗಲ್ಲರಿ ಅವ್ವಾರ, ಗಡ್ಡಿಗೆ. ಇಡೀ ಗಡ್ಡಿ ಊರ್ರಿ. ಕೊಯ್ಯಬೇಕಂದ್ರ ಪ್ರತಿ ಸಲ ಈಳಿಗಿ ಬೆಂಕ್ಯಾಗ ಕಾಸ್ರಿ. ಈ ಹೊಲಕ್ಕ ಬದನಿ, ಮೆಣಸಿನಗಿಡ ಬ್ಯಾಡ, ಅವಕ್ಕೂ ಇದ ರೋಗ ಬರ್ತೇತಿ. ಜ್ವಾಳಾ ಹಾಕ್ರಿ."

ಹೊರಡುವಾಗ ಅವರು ನಿಂತರು. ಸತ್ತ ಸಾಲಿನ ನಡುವೆ ಕೆಲವು ಗಿಡಗಳು ತಲೆ ಎತ್ತಿಕೊಂಡೇ ಇದ್ದವು. ಜೆಲಸಿಯಲ್ಲಿ ನಾನು ಆಚೆಯನ್ನೇ ನೋಡುತ್ತಿದ್ದೆನಲ್ಲ, ಇವು ಕಂಡಿರಲಿಲ್ಲ. "ಇವಕ್ಕ ತಾಕತ್ತು ಇರಬಹುದು. ಬ್ಯಾರೆ ತಗದು, ಬರೂ ವರ್ಷ ಇದ ಕೆಟ್ಟ ಮೂಲ್ಯಾಗ ಊರಿ ನೋಡ್ರಿ. ನಿಂತದ್ದನ್ನಷ್ಟ ಇಟ್ಕೋರಿ."

ಅತ್ತೆ ಆ ಗಿಡಗಳನ್ನು ಬಹಳ ಹೊತ್ತು ನೋಡಿ, "ಹನುಮಪ್ಪ ಇಷ್ಟಾದ್ರೂ ಬಿಟ್ಟಾನ. ಇನ್ನೊಂದು ಸಲ ನೋಡು" ಎಂದರು. ಹೊಲಕ್ಕೆಲ್ಲ ಜೋಳ ಹಾಕಿ, ಆ ಮೂಲೆಯೊಂದರಲ್ಲೇ ವರ್ಷವರ್ಷವೂ ನಿಂತವನ್ನು ಆಯ್ದೆ, ಬಿದ್ದವನ್ನು ಸುಟ್ಟೆ. ಗಡ್ಡೆ ಸಣ್ಣದು, ಸಿಪ್ಪೆ ಒರಟು. ಆದರೆ ಗಿಡ ಬೀಳಲಿಲ್ಲ. ಯಜಮಾನರು ಯುದ್ಧ ಮುಗಿದು ಬಂದಾಗ ಹೊಲ ನನ್ನದಾಗಿಯೇ ಇತ್ತು. ಬಂಧುಗಳೇ, ನಾನು ಹೊಟ್ಟೆಕಿಚ್ಚಿನಿಂದ ಬೇಡಿದೆ; ಹನುಮಪ್ಪ ಅದನ್ನೂ ಕೇಳಿಸಿಕೊಂಡ. ಅಂದಿನಿಂದ ಒಂದು ಶನಿವಾರವೂ ಗುಡಿ ತಪ್ಪಿಸಿಲ್ಲ.

ಮುಂದೆ ಗಂಗವ್ವನ ಹೊಲವೂ ಬಾಡಿತು. ನನ್ನ ಬೀಜ ಕೇಳಿದಳು, ಕೊಟ್ಟೆ. ಆಕೆಯ ಮಣ್ಣಿನಲ್ಲಿ ಅದೇ ಗಡ್ಡೆ ನನ್ನದಕ್ಕಿಂತ ದಪ್ಪವಾಗಿ ಬಂತು! ಹಿರೇಕೆರೂರಿನ ಮಗಳ ಮನೆಗೆ ಚೀಲ ತುಂಬಿಕೊಂಡು ಆಕೆ ಹಾನಗಲ್ಲಿನಲ್ಲಿ ಬಸ್ಸು ಹತ್ತಿದಳು. "ಬೀಜ ನಿಂದು, ಕೈ ನಂದು, ಹೌದಲ್ಲ?" ಎಂದು ಕಿಟಕಿಯಿಂದ ನಕ್ಕಳು. ಅಲ್ಲಿಂದ ಆಕೆ ಮರಳಲಿಲ್ಲ. ಜ್ವರ ಬಂದು ಅಲ್ಲೇ ತೀರಿಕೊಂಡಳು. ಅಂದು ಬಸ್ಸು ಮರೆಯಾಗುವವರೆಗೂ ನಾನು ನಿಂತಿದ್ದೆ. ಆದರೆ ನೋಡುತ್ತಿದ್ದದ್ದು ಆಕೆಯನ್ನಲ್ಲ, ಬಸ್ಸಿನ ಮೇಲಿದ್ದ ಆ ಚೀಲವನ್ನು.