ಭಾಲ್ಕಿಯ ಟ್ಯಾಬು, ಅಣ್ಣನ ದನಿ

ಕಳೆದ ಯುಗಾದಿಯ ನಂತರದ ಮೊದಲ ಭಾನುವಾರ, ಭಾಲ್ಕಿಯ ಒಂದು ಬೀಜ-ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ, ದೀಪಾವಳಿಯಿಂದ ನಿಂತಿದ್ದ ನಮ್ಮ ಆಟ ಮತ್ತೆ ಶುರುವಾಯಿತು.

ಆಡುವವರು ಮೂವರು. ಕಥೆ ನಡೆಸುವವರು ಅಂಗಡಿಯ ಮಾಲೀಕರು. ಅವರನ್ನು ಅಣ್ಣ ಎನ್ನುತ್ತೇವೆ. ಔರಾದದಿಂದ ಬಸ್ಸಿನಲ್ಲಿ ಬರುವ ಪ್ರಾಥಮಿಕ ಶಾಲೆಯ ಶಿಕ್ಷಕಿ ನಮಗೆ ಅಕ್ಕೋರು. ಮೈಲೂರಿನ ಮನೆಯಿಂದ ಬೀದರ್ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯುವ ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಪೇಪರ್‌ನವರು. ಆಟ ಸರಳ. ಅಣ್ಣ ಒಂದು ಸನ್ನಿವೇಶ ಹೇಳುತ್ತಾರೆ, ನಮ್ಮ ಪಾತ್ರಗಳು ಏನು ಮಾಡುತ್ತವೆಂದು ನಾವು ಹೇಳುತ್ತೇವೆ, ದಾಳ ಬಿದ್ದಂತೆ ಕಥೆ ಮುಂದೆ ಹೋಗುತ್ತದೆ. ದಾಳವೂ ನಕಾಶೆಯೂ ಅಣ್ಣನ ಟ್ಯಾಬಿನಲ್ಲಿವೆ. ನಕಾಶೆಯಲ್ಲಿರುವುದು ಕೋಟೆಯ ಕೆಳಗಿನ ಹಳೆಯ ನೀರಿನ ಸುರಂಗ, ಅಲ್ಲಲ್ಲಿ ಬಾವಿಯಂತೆ ಮೇಲಕ್ಕೆ ತೆರೆದ ಬಾಯಿಗಳು.

ಟ್ಯಾಬಿನಲ್ಲಿ ಇಲ್ಲದ್ದು ಅಣ್ಣನ ದನಿ. ಗಿರಾಕಿಗಳಿಗೆ ಸೋಯಾ ಬೀಜದ ತಳಿ ವಿವರಿಸುವ ದನಿಯಲ್ಲೇ ಸುರಂಗದ ಕತ್ತಲನ್ನೂ ಹೇಳುತ್ತಿದ್ದರು. ನಾವು ಯೋಚಿಸುತ್ತ ಕೂತರೆ ಮೇಜು ಬಡಿಯುತ್ತಿದ್ದರು.

“ಜಲ್ದಿ ಹೇಳ್ರಿ, ದೀಪ ಆರ್ಲಾಕತ್ತದ! ಪೇಪರ್‌ನವರ, ಆಡ್ಲಾಕ ಬಂದೀರೋ, ಸುದ್ದಿ ಬರೀಲಾಕ ಬಂದೀರೋ? ಅಕ್ಕೋರ, ಸಾಲ್ಯಾಗ ಪಾಠ ಹೇಳ್ತೀರಿ, ಇಲ್ಲಿ ಕಳ್ಳಿ ಆಗೀರಿ. ಬಾಗಲಾ ಜರಾ ಸಾಫ್ ಮುರೀರಿ.”

ದೀಪಾವಳಿ ಕಳೆದ ಮೇಲೆ ಅವರ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಅದು ಮರಳುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು.

ಯುಗಾದಿಯ ನಂತರದ ಆ ಭಾನುವಾರ ಅಣ್ಣ ಟೈಪ್ ಮಾಡಿದರು, ಟ್ಯಾಬು ಓದಿತು. ಅಚ್ಚುಕಟ್ಟಾದ ಪುಸ್ತಕದ ಕನ್ನಡ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂಥ ಹೆಣ್ಣುದನಿ.

“ಈಗ ನೀವು ಏನು ಮಾಡುತ್ತೀರಿ?”

ಅಕ್ಕೋರು ನೆಟ್ಟಗೆ ಕೂತರು. ಶಾಲೆಯ ತಪಾಸಣೆಗೆ ಬಂದ ಅಧಿಕಾರಿಗೆ ಹೇಳುವಂತೆ ಟ್ಯಾಬಿನತ್ತ ಮುಖ ಮಾಡಿ, “ದೀಪ ಹಚ್ತೇನ್ರಿ, ಮೇಡಮ್” ಎಂದರು. ನಾನೂ ಟ್ಯಾಬಿಗೇ, “ಕೀಲಿ ತೆಗೀತೇನ್ರಿ” ಎಂದೆ. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಆಮೇಲೆ ಮೇಜು ಬಡಿದ ಸದ್ದಾಯಿತು. ತಲೆ ಎತ್ತಿದಾಗ ಅಣ್ಣ ಟೈಪ್ ಮಾಡುತ್ತಿದ್ದರು.

“ಮೇಡಮ್ ಯಾರ್ರಿ? ನಾ ಇಲ್ಲಿ ಕುಂತೇನಿ” ಎಂದು ಅದೇ ಹೆಣ್ಣುದನಿ ಓದಿತು.

ಅಕ್ಕೋರು ನಕ್ಕರು. ಅಣ್ಣ ನಗಲಿಲ್ಲ. ಇನ್ನೊಂದು ಸಾಲು ಟೈಪ್ ಮಾಡಿ, ಅದನ್ನು ಓದಿಸದೆ, ಟ್ಯಾಬನ್ನು ನಮ್ಮ ಕಡೆ ತಿರುಗಿಸಿದರು: “ಇನ್ಮ್ಯಾಲ ನೀವೇ ಯಾರಾದ್ರೂ ನಡಸ್ರಿ.”

ಅಕ್ಕೋರು ಅದನ್ನು ಜೋರಾಗಿ ಓದಿದರು. ಮಕ್ಕಳ ಪಾಟಿ ಓದಿ ಅವರಿಗೆ ಅಭ್ಯಾಸ. ಅಣ್ಣ ಮಾತು ಎಳೆಯುತ್ತಿದ್ದಲ್ಲಿ ಎಳೆದರು, ಕತ್ತರಿಸುತ್ತಿದ್ದಲ್ಲಿ ಕತ್ತರಿಸಿದರು. ನಂತರ ಹೇಳಿದರು: “ನೋಡ್ರಿ ಅಣ್ಣಾ, ನಿಮ್ಮ ಮಾತು ನಮ್ಮ ಬಾಯಾಗ ಅದ. ಆ ಮೇಡಮ್‌ಗ ಯಾಕ ಕೊಡ್ತೀರಿ?”

ಅಂದಿನಿಂದ ಪದ್ಧತಿ ಬದಲಾಯಿತು. ಅಣ್ಣ ನಮ್ಮ ಫೋನುಗಳಿಗೆ ಸಂದೇಶ ಕಳಿಸುತ್ತಾರೆ. ಯಾರಿಗೆ ಬಂತೋ ಅವರು ಜೋರಾಗಿ ಓದಬೇಕು. ಬೈಗುಳ ಬಂದರೂ ಬಿಡುವಂತಿಲ್ಲ. “ಪೇಪರ್‌ನವರ, ನಿದ್ದಿ ಬಂತೇನ್ರಿ?” ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಸಪ್ಪೆಯಾಗಿ ಓದಿದರೆ ಅಣ್ಣ ಮೇಜು ಬಡಿಯುತ್ತಾರೆ, ಮತ್ತೆ ಓದಬೇಕು. ಆ ಬಡಿತ ಮಾತ್ರ ಹಳೆಯದೇ.

ಆದರೂ ಬೀದರಿಗೆ ಮರಳುವ ರೈಲಿನಲ್ಲಿ ನನ್ನ ಕಿವಿ ಹುಡುಕುವುದು ನನ್ನ ದನಿಯನ್ನಲ್ಲ, ಅಕ್ಕೋರದ್ದನ್ನೂ ಅಲ್ಲ. ಆಟ ಎಲ್ಲಿಗೆ ನಿಂತಿತೆಂದು ನೆನಪಿಡಲು, ಅಣ್ಣನಿಗೆ ದನಿ ಇದ್ದಾಗ, ಒಮ್ಮೆ ಒಂದಿಡೀ ಮಧ್ಯಾಹ್ನದ ಆಟವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದು ಇನ್ನೂ ಇದೆಯೆಂದು ಅಣ್ಣನಿಗೆ ತಿಳಿಸಿದಾಗ ಬಂದ ಸಂದೇಶ: “ಈಗ ಬ್ಯಾಡ್ರಿ.” ನಾನೂ ಅದನ್ನು ಹಾಕಿ ಕೇಳಿಲ್ಲ. ಅವರಿಗಿಂತ ಮೊದಲು ಕೇಳುವುದು ಸರಿಯೆನಿಸಲಿಲ್ಲ.

ಕಳೆದ ಭಾನುವಾರ ಆಟದಲ್ಲಿ ಅಕ್ಕೋರ ಪಾತ್ರವಾದ ಕಳ್ಳಿ ಸುರಂಗದ ಕೊನೆಯ ಬಾಯಿಯ ಕೆಳಗೆ ತಲುಪಿದಳು. ಮೇಲಿನಿಂದ ಹಗ್ಗ ಇನ್ನೂ ಇಳಿದಿಲ್ಲ. ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ ಅಣ್ಣನ ಸಂದೇಶ ಬಂತು: “ಆ ರೆಕಾರ್ಡ್ ಕಳಸ್ರಿ.”

ಕಳಿಸಿದೆ. ಬೀದರ್ ತಲುಪುವ ಹೊತ್ತಿಗೆ ಸಂದೇಶದ ಪಕ್ಕದ ಎರಡು ಟಿಕ್ ಗುರುತುಗಳು ನೀಲಿಯಾಗಿದ್ದವು, ಅಣ್ಣ ತೆರೆದಿದ್ದರು.